ಗೇರಿಲ್ಲದ ಕಾರಿಗೆ ನಾಲ್ಕು ಗೇರು

ನಮ್ಮ ಊರಿನಲ್ಲಿ ಕಾರು ಓಡಿಸಲು ಬರುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಎರಡನೇ ಗೇರು ಅಂದರೇನು?" ಎಂದು ಕೇಳಿ ನೋಡಿ. ವಕೀಲರು, ದಂತವೈದ್ಯರು, ಬ್ಯಾಂಕಿನ ಮ್ಯಾನೇಜರು ಎಲ್ಲರೂ ಒಕ್ಕೊರಲಿನಿಂದ "ವ್ರೂಂಂಂ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ವಿವರ ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಬಂದಿಲ್ಲ. ಅವರೆಲ್ಲ ಕ್ಲಚ್ ಮೇಷ್ಟ್ರ ಶಿಷ್ಯರು.

ಮೂವತ್ತೊಂದು ವರ್ಷಗಳಿಂದ ಮೇಷ್ಟ್ರು ಗ್ಯಾರೇಜಿನ ಪಕ್ಕದ ಒಂದೂವರೆ ಕೋಣೆಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಾರೆ. ಒಂದು ಕೋಣೆ ಶಾಲೆ. ಅರ್ಧ ಕೋಣೆ ಅವರ ಹೆಂಡತಿಯ ಆಫೀಸು. ಹೊಸಬರನ್ನು ಮೊದಲ ಮೂರು ದಿನ ಕಾರಿನ ಹತ್ತಿರಕ್ಕೂ ಬಿಡುವುದಿಲ್ಲ. ಮರದ ಕುರ್ಚಿಯ ಮೇಲೆ ಕೂರಿಸಿ, ಕೈಗೊಂದು ಸ್ಟೀಲಿನ ತಟ್ಟೆ ಕೊಟ್ಟು ಅದೇ ಸ್ಟಿಯರಿಂಗ್ ಎಂದು ನಂಬಿಸಿ, ಪಕ್ಕದಲ್ಲಿ ಕುಳಿತು ತಾವೇ ಎಂಜಿನ್ ಆಗುತ್ತಾರೆ.

"ಗುರ್‌ರ್‌ರ್... ಇದು ಒಂದನೇದು. ಅಳ್ತಾ ಇದೆ, ಕೇಳಿಸ್ತಾ? ಅತ್ತ ತಕ್ಷಣ ಕ್ಲಚ್ಚು, ಟಕ್! ವ್ರೂಂಂಂ... ಎರಡು. ಈಗ ಮೂಗು ಒರೆಸ್ಕೊಳ್ತು. ಟಕ್! ಊಂಂಂ... ಮೂರು. ಹಾಡ್ತಾ ಇದೆ. ಟಕ್! ಝೂಂಂಂ... ನಾಕು. ಮಲಗಿಬಿಡ್ತು. ಮಲಗಿದ ಗಾಡೀನ ಸುಮ್‌ಸುಮ್ನೆ ಎಬ್ಬಿಸ್ಬಾರ್ದು."

ಶಿಷ್ಯರು ರಸ್ತೆ ನೋಡುವುದು ಬಿಟ್ಟು ಗುರುವಿನ ಬಾಯಿ ನೋಡಬಾರದೆಂದು ಮೇಷ್ಟ್ರು ಈ ಸದ್ದುಗಳನ್ನೆಲ್ಲ ಮೀಸೆಯ ಕೆಳಗೇ, ತುಟಿ ಅಲುಗದಂತೆ ಹೊರಡಿಸುವುದನ್ನು ಸಾಧಿಸಿದ್ದರು. ಸಾಧನೆ ಎಷ್ಟು ಗಟ್ಟಿಯಾಯಿತೆಂದರೆ, ಕಾಲಕ್ರಮೇಣ ಅವರ ಕೈಕಾಲುಗಳು ಎಂಜಿನ್ನಿನ ಮಾತನ್ನು ಕೇಳುವುದು ಬಿಟ್ಟು ಬಾಯಿಯ ಮಾತನ್ನು ಕೇಳತೊಡಗಿದವು. ಬಾಯಿ "ಟಕ್" ಅಂದರೆ ಎಡಗಾಲು ಎದ್ದೇಳುತ್ತಿತ್ತು. ಬಾಯಿ ಸುಮ್ಮನಿದ್ದರೆ ಕಾಲೂ ಸುಮ್ಮನೆ.

ಇಂಥ ಸುಖಸಂಸಾರಕ್ಕೆ ಒಂದು ದಿನ ಸಾರಿಗೆ ಇಲಾಖೆಯ ಸುತ್ತೋಲೆ ಬಂತು. 'ಚಾಲನಾ ಶಾಲೆಗಳ ಬೋಧಕರೆಲ್ಲರೂ ಈ ತಿಂಗಳಾಂತ್ಯದೊಳಗೆ ಇನ್ಸ್‌ಪೆಕ್ಟರ ಸಮ್ಮುಖದಲ್ಲಿ ವಿದ್ಯುತ್ ಕಾರನ್ನು ಚಲಾಯಿಸಿ ತೋರಿಸತಕ್ಕದ್ದು. ತಪ್ಪಿದಲ್ಲಿ ಬೋಧನಾ ಪರವಾನಗಿ ರದ್ದಾಗತಕ್ಕದ್ದು.'

ಒಂದು ಕಾಗದದಲ್ಲಿ 'ತಕ್ಕದ್ದು' ಎರಡು ಸಲ ಬಂದರೆ ಅದು ತಮಾಷೆಯಲ್ಲ ಎಂಬುದು ಮೇಷ್ಟ್ರ ಹೆಂಡತಿಗೆ ಗೊತ್ತು. ಶಾಲೆಯ ಫೋನು, ಫಾರಮ್ಮು, ಪಾಠದ ವೇಳಾಪಟ್ಟಿ ಎಲ್ಲ ಆಕೆಯ ಕೈಯಲ್ಲೇ. ಮೇಷ್ಟ್ರು ಸುತ್ತೋಲೆಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದಾಗ, ಆಕೆ ಶಾಲೆಯ ಎರಡು ಹಳೇ ಕಾರುಗಳಲ್ಲಿ ಹೆಚ್ಚು ಕೆಮ್ಮುತ್ತಿದ್ದುದನ್ನು ಕೊಟ್ಟು, ವಿದ್ಯುತ್ ಕಾರು ತರಿಸಿಯೇ ಬಿಟ್ಟರು.

ಮೇಷ್ಟ್ರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಕಾರು ಬಂದು ಅವರ ಮೊಣಕಾಲಿಗೆ ಮೂರು ಗೇಣು ದೂರದಲ್ಲಿ ನಿಂತರೂ ಅವರಿಗೆ ತಿಳಿಯಲಿಲ್ಲ.

"ಸರ್, ಕಾರು ಬಂದಿದೆ" ಎಂದಿತು ಒಂದು ದನಿ.

"ಬರ್ಲಿ, ಬಂದಾಗ ಕೇಳ್ಸುತ್ತೆ" ಎಂದು ಮೇಷ್ಟ್ರು ಪುಟ ತಿರುವಿದರು.

ದನಿ ಕಂಪನಿಯ ಎಂಜಿನಿಯರಮ್ಮನದು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದ. "ಸರ್, ಒಂದು ಗಂಟೆ ಟ್ರೈನಿಂಗ್ ಇರುತ್ತೆ. ಬ್ಯಾಟರಿ, ಮೋಟಾರು, ಚಾರ್ಜಿಂಗ್ ಎಲ್ಲ ನಾನೇ ತೋರಿಸಿಕೊಡ್ತೀನಿ."

ಪಕ್ಕದ ಗ್ಯಾರೇಜಿನವನು ಗೋಡೆಗೊರಗಿ ನೋಡುತ್ತಿದ್ದ. ಎದುರಿನ ಮೆಡಿಕಲ್ ಸ್ಟೋರಿನಾಕೆ, ಅಂದರೆ ಆ ತಿಂಗಳ ಹೊಸ ಶಿಷ್ಯೆ, ಕೌಂಟರಿನಿಂದ ಕತ್ತು ಚಾಚಿದ್ದಳು. ಇಷ್ಟು ಜನರೆದುರು ಮೂವತ್ತೊಂದು ವರ್ಷದ ಮೇಷ್ಟ್ರಿಗೆ ಟ್ರೈನಿಂಗು!

"ಅಮ್ಮಾ, ನೀನು ಹುಟ್ಟೋಕೆ ಮುಂಚೇನೇ ನಾನು ಕರೆಂಟಿನ ಗಾಡಿ ಓಡ್ಸಿದೀನಿ" ಎಂದು ಮೇಷ್ಟ್ರು ಕಾಗದ ಕಸಿದುಕೊಂಡು 'ತರಬೇತಿ ಪಡೆಯಲಾಗಿದೆ' ಎಂಬಲ್ಲಿ ದೊಡ್ಡದಾಗಿ ಸಹಿ ಜಡಿದರು. ಮೇಷ್ಟ್ರು ಆವರೆಗೆ ಓಡಿಸಿದ್ದ ವಿದ್ಯುತ್ ಯಂತ್ರವೆಂದರೆ ಮೇಜಿನ ಮೇಲಿನ ಫ್ಯಾನು ಒಂದೇ. ಅದೂ ಎರಡನೇ ನಂಬರಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಎಂಜಿನಿಯರಮ್ಮ ಹೋದಳು. ಮೇಷ್ಟ್ರು ಗಂಭೀರವಾಗಿ ಒಳಗೆ ಕೂತರು. ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಕಾರಿನ ಕೈಪಿಡಿ.

ಮೇಷ್ಟ್ರು ಬಟನ್ ಒತ್ತಿದರು. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ.

"ಸ್ಟಾರ್ಟೇ ಆಗ್ತಿಲ್ವಲ್ಲೇ!"

"ಮೊದಲ್ನೇ ಸಲಕ್ಕೇ ಆಯ್ತು ರೀ. ಎರಡನೇ ಸಲಕ್ಕೆ ಆಫ್ ಮಾಡಿದ್ರಿ. ಮೂರನೇ ಸಲಕ್ಕೆ ಮತ್ತೆ ಆನ್ ಆಗಿದೆ. ದಯವಿಟ್ಟು ಕೈ ತೆಗೀರಿ."

"ಆನ್ ಆಗಿದ್ರೆ ಮಾತಾಡ್ಬೇಕಲ್ಲ?"

"ಇದು ನಿಮ್ಮ ಥರ ಅಲ್ಲ. ಸುಮ್ನೆ ಕೆಲ್ಸ ಮಾಡುತ್ತೆ."

ಮೇಷ್ಟ್ರು ಎಡಗೈ ಚಾಚಿ ಗೇರಿನ ಕಡ್ಡಿಗಾಗಿ ಗಾಳಿಯಲ್ಲಿ ಹುಡುಕಿದರು. ಅಲ್ಲೊಂದು ತಿರುಗಿಸುವ ಗುಂಡಿಯಿತ್ತು. ಅದನ್ನು ಹೆಂಡತಿಯೇ ತಿರುಗಿಸಿದರು. ಬಲಗಾಲು ಒತ್ತಿದ್ದೇ ಕಾರು ಹಾವಿನಂತೆ ಸರಿಯಿತು. ಗಾಬರಿಯಾದ ಎಡಗಾಲು, ಹಳೆಯ ಅಭ್ಯಾಸದಂತೆ, ಕ್ಲಚ್ ತುಳಿಯಿತು. ಕ್ಲಚ್ ಇರಬೇಕಾದ ಜಾಗದಲ್ಲಿ ಸಿಕ್ಕಿದ್ದು ಬ್ರೇಕು. ಕಾರು ಕುಕ್ಕರಿಸಿ ನಿಂತು, ಕೈಪಿಡಿ ಗಾಜಿಗೆ ಬಡಿಯಿತು. ಹೀಗೆ ಗ್ಯಾರೇಜಿನಿಂದ ಮೆಡಿಕಲ್ ಸ್ಟೋರಿನವರೆಗಿನ ಇಪ್ಪತ್ತು ಹೆಜ್ಜೆಯನ್ನು ಕಾರು ಹನ್ನೊಂದು ಕುಕ್ಕರಿಕೆಯಲ್ಲಿ ಮುಗಿಸಿತು. ಹೆಂಡತಿ ಅಲ್ಲೇ ಇಳಿದು ತಲೆನೋವಿನ ಮಾತ್ರೆ ತೆಗೆದುಕೊಂಡು ನಡೆದೇ ವಾಪಸಾದರು.

ಮೇಷ್ಟ್ರು ಒಬ್ಬರೇ ಉಳಿದರು. ಗಾಜು ಏರಿಸಿದರು. ಮೀಸೆಯ ಕೆಳಗಿಂದ ತಾನಾಗಿಯೇ ಹೊರಟಿತು: "ಗುರ್‌ರ್‌ರ್..."

ಆಶ್ಚರ್ಯ! ಕಾಲಿಗೆ ಜೀವ ಬಂತು. "ಟಕ್" ಎಂದು ಬಾಯಿ ಕ್ಲಚ್ ಒತ್ತಿದ್ದರಿಂದ ಎಡಗಾಲಿಗೆ ತನ್ನ ಕೆಲಸ ಮುಗಿಯಿತೆಂಬ ಸಮಾಧಾನವಾಗಿ, ಅದು ತೆಪ್ಪಗೆ ಮಲಗಿತು. "ವ್ರೂಂಂಂ" ಎಂದಾಗ ಬಲಗಾಲು ಹದವಾಗಿ ಒತ್ತಿತು. ನಾಲ್ಕನೇ ಗೇರಿನಲ್ಲಿ ಮೇಷ್ಟ್ರು ಇಡೀ ಬಡಾವಣೆ ಸುತ್ತಿ ಬಂದು ರಾಜಠೀವಿಯಿಂದ ಇಳಿದರು. ಆ ಕಾರಿಗೆ ನಾಲ್ಕನೇ ಗೇರು ಇಲ್ಲ, ಮೂರನೆಯದೂ ಎರಡನೆಯದೂ ಇಲ್ಲ ಎಂಬ ಕ್ಷುಲ್ಲಕ ಸಂಗತಿಗೆ ಅವರು ಗಮನ ಕೊಡಲಿಲ್ಲ.

ಮರುದಿನದಿಂದ ಮೆಡಿಕಲ್ ಸ್ಟೋರಿನಾಕೆಗೆ ಅದರಲ್ಲೇ ಪಾಠ. ಆಕೆ ಸ್ಟಿಯರಿಂಗ್ ಹಿಡಿಯುತ್ತಿದ್ದಳು. ಪಕ್ಕದ ಸೀಟಿನಿಂದ ಗೇರುಗಳು ಬರುತ್ತಿದ್ದವು. ರಸ್ತೆಯ ಮೇಲೇ ಕಣ್ಣಿಟ್ಟಿದ್ದ ಆ ಆಜ್ಞಾಧಾರಕ ಶಿಷ್ಯೆ, ಸದ್ದು ಕಾರಿನದೇ ಎಂದು ತಿಳಿದಳು. ಕುರ್ಚಿಯ ಮೇಲೆ ಮೇಷ್ಟ್ರು ಮಾಡುತ್ತಿದ್ದ ಸದ್ದನ್ನೇ ಕಾರೂ ಮಾಡುವುದನ್ನು ಕೇಳಿ, ಮೇಷ್ಟ್ರ ಮೇಲಿನ ಗೌರವ ಆಕೆಗೆ ಇಮ್ಮಡಿಯಾಯಿತು.

ನಾಲ್ಕನೇ ದಿನ ಮೇಷ್ಟ್ರಿಗೆ ಹಲ್ಲುನೋವು. ಅವರ ಬದಲು ಹೆಂಡತಿ ಪಾಠಕ್ಕೆ ಕೂತರು. ಕಾರು ಹೊರಟಿತು, ಸದ್ದಿಲ್ಲ. ಮೆಡಿಕಲ್ ಸ್ಟೋರಿನಾಕೆ ಬೆವೆತಳು.

"ಅಕ್ಕಾ, ಎಂಜಿನ್ ನಿಂತುಹೋಗಿದೆ!"

"ಎಂಜಿನ್ನೇ ಇಲ್ಲ ಕಣಮ್ಮ, ನಿಲ್ಲೋದೇನು ಬಂತು? ಓಡಿಸು."

"ನಿನ್ನೆ ಇತ್ತಲ್ಲ! ನಾಕು ಗೇರೂ ಕೇಳಿಸ್ತಿತ್ತು!"

"ಕಾರಲ್ಲಿ?"

"ಹೂಂ! ಗುರ್ ಅಂತು, ವ್ರೂಂ ಅಂತು... ಇವತ್ತು ಯಾಕೋ ಉಸಿರೇ ಇಲ್ಲ."

ಆಕೆ ಅರ್ಧ ರಸ್ತೆಯಲ್ಲೇ ಇಳಿದು ಗ್ಯಾರೇಜಿಗೆ ಓಡಿ ವರದಿ ಒಪ್ಪಿಸಿದಳು. ಗ್ಯಾರೇಜಿನವನಿಗೆ ಆ ತಿಂಗಳು ಮನಸ್ಸು ಸರಿ ಇರಲಿಲ್ಲ. ವಿದ್ಯುತ್ ಕಾರಿನ ಬಾನೆಟ್ ಎತ್ತಿ ನೋಡಿದ್ದ. ಸ್ಪಾರ್ಕ್ ಪ್ಲಗ್ಗಿಲ್ಲ, ಎಂಜಿನ್ ಆಯಿಲ್ಲಿಲ್ಲ, ಫ್ಯಾನ್ ಬೆಲ್ಟಿಲ್ಲ, ಹಿಂದೆ ಸೈಲೆನ್ಸರೂ ಇಲ್ಲ. 'ಇದೇನು ಗಾಡೀನಾ, ಕೈದಿಗೆ ಕೊಡೋ ಖಾಲಿ ಕೋಣೇನಾ' ಎಂದು ಮರುಗಿದ್ದ. ಈಗ ಅವನ ಮುಖ ಅರಳಿತು.

"ಸದ್ದು ಬರುತ್ತೆ, ಹೋಗುತ್ತೆ ಅಂದ್ರೆ ಮೇಡಂ, ಇದು ಒಳಗಿನ ಕಾಯಿಲೆ. ಸದ್ದು ಇದ್ದೇ ಇದ್ರೆ ಪರ್ವಾಗಿಲ್ಲ, ಇಲ್ದೇ ಇದ್ರೂ ಪರ್ವಾಗಿಲ್ಲ. ಬಂದು ಹೋಗೋದು ಡೇಂಜರ್ರು!"

ತನ್ನ ಕಸುಬಿಗೆ ಇನ್ನೂ ಭವಿಷ್ಯವಿದೆ ಎಂಬ ಉತ್ಸಾಹದಲ್ಲಿ ಅವನೇ ಕಂಪನಿಗೆ ಫೋನು ಮಾಡಿದ. ಸಂಜೆಯ ಹೊತ್ತಿಗೆ ನಮ್ಮ ರಸ್ತೆಯಲ್ಲಿ, ಮೇಷ್ಟ್ರ ಕಾರಿಗೆ ಗೇರ್‌ಬಾಕ್ಸ್ ಹೋಗಿದೆ ಎಂಬ ಸುದ್ದಿ ಹರಡಿತು. ಇಲ್ಲದ ಗೇರ್‌ಬಾಕ್ಸ್ ಹೋಗುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಹೋಯಿತು ಅಂದಮೇಲೆ ಹೋಯಿತು; ನಾಲ್ಕು ಜನ ಬಂದು ಮೇಷ್ಟ್ರಿಗೆ ಸಮಾಧಾನ ಹೇಳಿ ಹೋದರು.

ಎಂಜಿನಿಯರಮ್ಮ ಬೆಳಗ್ಗೆಯೇ ಹಾಜರಾದಳು. ತಾನೇ ಓಡಿಸಿದಳು, ಸದ್ದಿಲ್ಲ. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ನೋಡಿದಳು. ಕಾರು ತನಗೇನೂ ಆಗಿಲ್ಲ ಎಂದು ಹಸಿರು ಅಕ್ಷರದಲ್ಲಿ ಪ್ರಮಾಣ ಮಾಡಿತು.

"ಮೇಷ್ಟ್ರು ಒಳಗೆ ಕೂತಾಗ ಮಾತ್ರ ಬರುತ್ತೆ ಮೇಡಂ" ಎಂದ ಗ್ಯಾರೇಜಿನವನು.

ಈ ಹಂತದಲ್ಲಿ ಮೇಷ್ಟ್ರು ನಿಜ ಹೇಳಿಬಿಡಬಹುದಿತ್ತು. ಆದರೆ 'ನೀನು ಹುಟ್ಟೋಕೆ ಮುಂಚೇನೇ' ಎಂದು ಹೇಳಿದ ಬಾಯಲ್ಲೇ, 'ಆ ಸದ್ದು ಈ ಬಾಯಿಯದು' ಎನ್ನುವುದು ಹೇಗೆ? ಅವರು ಬೆದರುತ್ತ ಕೂತರು. ಹಿಂದಿನ ಸೀಟಿನಲ್ಲಿ ಎಂಜಿನಿಯರಮ್ಮ, ಅವಳ ಪಕ್ಕ ಹೆಂಡತಿ. ಬಾಯಿ ಬಿಗಿಹಿಡಿದು ಹೊರಟ ಕೂಡಲೇ ಕಾರು ಕುಕ್ಕರಿಸಿತು. ಎರಡು ಸಲ ಕುಕ್ಕರಿಸಿದ ಮೇಲೆ, ಎದುರಿಗೆ ಶಾಲಾ ಬಸ್ಸು ಬಂತು. ಪ್ರಾಣಭಯದಲ್ಲಿ ಮೀಸೆ ಮಾತಾಡಿತು: "ಗುರ್‌ರ್‌ರ್... ಟಕ್! ವ್ರೂಂಂಂ..."

ಎಂಜಿನಿಯರಮ್ಮ ನೆಟ್ಟಗೆ ಕೂತಳು. ನೆಲಕ್ಕೆ ಕಿವಿಯಿಟ್ಟಳು, ಬಾಗಿಲಿಗೆ ಕಿವಿಯಿಟ್ಟಳು. ವೇಗ ಹೆಚ್ಚಿದಂತೆ ಸದ್ದು ಬದಲಾಗುತ್ತಿತ್ತು, ಶಾಸ್ತ್ರೋಕ್ತವಾಗಿ. ಅವಳ ವರದಿ ಅಂದೇ ದೊಡ್ಡ ಆಫೀಸಿಗೆ ಹೋಯಿತು: 'ಒಂದೇ ಗೇರಿನ ಕಾರಿನಲ್ಲಿ ಇನ್ನೂ ಮೂರು ಗೇರುಗಳು ತಾವಾಗಿಯೇ ಬೆಳೆದಿರುವಂತೆ ಕೇಳಿಬಂದಿದೆ.'

ದೊಡ್ಡ ಆಫೀಸು ಬೆಚ್ಚಿತು. ಅಲ್ಲಿಂದ ಆಜ್ಞೆ ಬಂತು: ಕಾರನ್ನು ಕೂಡಲೇ ಲಾರಿಯ ಮೇಲೆ ಹೇರಿಕೊಂಡು ಬರುವುದು, ಬಿಚ್ಚಿ ನೋಡಲು ಆರು ವಾರ ಬೇಕು, ಊರಲ್ಲಿ ಬದಲಿ ಕಾರು ಇಲ್ಲ.

"ಆರು ವಾರಾನಾ? ಪರೀಕ್ಷೆ ಇರೋದು ನಾಡಿದ್ದು!" ಎಂದರು ಮೇಷ್ಟ್ರ ಹೆಂಡತಿ. "ಪರೀಕ್ಷೆ ತಪ್ಪಿದ್ರೆ ಸ್ಕೂಲಿನ ಬೋರ್ಡು ಇಳಿಸ್ಬೇಕಮ್ಮ."

ಎಂಜಿನಿಯರಮ್ಮನಿಗೆ ಕರುಣೆ ಬಂತು. "ಸರಿ ಅಕ್ಕ, ಪರೀಕ್ಷೆವರೆಗೂ ತಡೀತೀನಿ. ಆದ್ರೆ ಅವತ್ತು ನಾನೂ ಹಿಂದಿನ ಸೀಟಲ್ಲಿ ಕೂತಿರ್ತೀನಿ. ಒಂದೇ ಒಂದು ಸಲ ಆ ಸದ್ದು ಬಂತೋ, ಅಲ್ಲೇ ಗಾಡಿ ನಿಲ್ಸಿ ಲಾರಿ ಹತ್ತಿಸ್ತೀನಿ. ಜನರ ಜೀವದ ಪ್ರಶ್ನೆ."

ಅವಳು ಹೋದ ಮೇಲೆ ಮೇಷ್ಟ್ರ ಹೆಂಡತಿ ಅರ್ಧ ಕೋಣೆಯ ಬಾಗಿಲು ಹಾಕಿದರು.

"ರೀ, ಕನ್ನಡೀಲಿ ನೋಡ್ತಾ ಇದ್ದೆ. ಎರಡನೇ ಗೇರಿಗೆ ನಿಮ್ಮ ಮೀಸೆ ನಡುಗ್ತು."

"ಗಾಳಿ ಕಣೇ."

"ಗಾಜು ಏರಿಸಿತ್ತು."

ಮೇಷ್ಟ್ರು ಕುಸಿದರು. "ಸದ್ದು ಇಲ್ದೆ ಕಾಲೇ ಏಳಲ್ವೇ. ಗಾಡಿ ಏನಂತಿದೆ ಅಂತಾನೇ ಗೊತ್ತಾಗಲ್ಲ. ಕಿವುಡನ ಕೈಗೆ ಫೋನು ಕೊಟ್ಟಂಗಾಗಿದೆ."

"ಒಂದು ಗಂಟೆ ಆ ಹುಡುಗಿ ಹತ್ರ ಕೂತು ಕೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು? ಈಗ ನಾನು ಹೇಳ್ತೀನಿ, ಕೇಳಿ." ಆಕೆ ಕೈಪಿಡಿ ಬಿಚ್ಚಿದರು. ಅದರ ಪುಟಗಳ ಅಂಚಿನಲ್ಲಿ ಆಕೆಯ ಪೆನ್ಸಿಲ್ ಗುರುತುಗಳಿದ್ದವು. "ಕಾಲಡಿ ಇಡೀ ಬ್ಯಾಟರಿ ಹಾಸಿದೆ. ಅದರಿಂದ ಕರೆಂಟು ಮೋಟಾರಿಗೆ, ಮೋಟಾರಿಂದ ಚಕ್ರಕ್ಕೆ. ಅಷ್ಟೇ ಸಂಸಾರ. ಫ್ಯಾನ್ ಇದ್ದಂಗೆ. ಫ್ಯಾನಿಗೆ ಕ್ಲಚ್ ಹಾಕ್ತೀರಾ?"

"ರೆಗ್ಯುಲೇಟರ್ ತಿರುಗಿಸ್ತೀನಲ್ಲ!"

"ಅದೇ ಬಲಗಾಲಿನ ಪೆಡಲು. ಪೆಟ್ರೋಲ್ ಎಂಜಿನ್ನಿಗೆ ನಿಧಾನಕ್ಕೆ ಸುತ್ತೋವಾಗ ಶಕ್ತಿ ಇರಲ್ಲ, ಅದಕ್ಕೇ ಗೇರು ಬೇಕು. ಇದಕ್ಕೆ ಮೊದಲ ಸುತ್ತಿಗೇ ಪೂರ್ತಿ ಶಕ್ತಿ. ಅಳೋದೂ ಇಲ್ಲ, ಮೂಗು ಒರೆಸ್ಕೊಳ್ಳೋದೂ ಇಲ್ಲ."

"ಮತ್ತೆ ಕಾಲೆತ್ತಿದ ತಕ್ಷಣ ಯಾರೋ ಹಿಂದಿಂದ ಹಿಡ್ಕೊಂಡಂಗಾಗುತ್ತಲ್ಲ?"

"ಕಾಲೆತ್ತಿದ್ರೆ ಚಕ್ರಾನೇ ಮೋಟಾರನ್ನ ತಿರುಗಿಸುತ್ತೆ. ಆಗ ಅದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ವಾಪಸ್ ಹಾಕುತ್ತೆ. ಗಾಡೀನೂ ನಿಧಾನ ಆಗುತ್ತೆ, ಬ್ರೇಕೂ ಸವೆಯಲ್ಲ."

ಮೇಷ್ಟ್ರು ಬೆರಗಾದರು. "ಇಳಿಜಾರಲ್ಲಿ ಇಳಿಯೋದಕ್ಕೂ ಸಂಪಾದನೇನಾ? ಹಂಗಾದ್ರೆ ಬರೀ ಇಳಿಜಾರಲ್ಲೇ ಹೋಗ್ತಾ ಇದ್ರೆ ಚಾರ್ಜೇ ಬೇಡ!"

"ಹೂಂ. ವಾಪಸ್ ಬರೋಕೆ ಮಾತ್ರ ಊರನ್ನೇ ಎತ್ತಿ ಕೆಳಗಿಡ್ಬೇಕು. ಸುಮ್ನಿರಿ ರೀ, ಹತ್ತೋವಾಗ ಖರ್ಚಾಗಿದ್ರಲ್ಲಿ ಸ್ವಲ್ಪ ವಾಪಸ್ ಬರುತ್ತೆ, ಅಷ್ಟೇ. ಹೊಗೆ ಇಲ್ಲ, ಆಯಿಲ್ ಬದಲಾಯಿಸೋ ಗೋಳಿಲ್ಲ, ಮನೆ ಪ್ಲಗ್ಗಿಗೇ ಹಾಕ್ಬಹುದು. ಇಷ್ಟೆಲ್ಲ ಇದ್ದೂ ಇದರದ್ದು ಒಂದೇ ಒಂದು ತಪ್ಪು. ಮಾತಾಡಲ್ಲ. ಅದನ್ನ ನೀವು ತುಂಬೋಕೆ ಹೋದ್ರಿ."

ಜ್ಞಾನ ತಲೆಗೆ ಹೋಯಿತು, ಕಾಲಿಗೆ ಇಳಿಯಲಿಲ್ಲ. ಅಂದು ಮಧ್ಯಾಹ್ನವಿಡೀ ಹೆಂಡತಿ ಅವರನ್ನು ಪರೀಕ್ಷೆ ನಡೆಯಬೇಕಿದ್ದ ಮೈದಾನದಲ್ಲೇ ಅಭ್ಯಾಸಕ್ಕೆ ಹಚ್ಚಿದರು. ಬಾಯಿಗೆ ಕರವಸ್ತ್ರ ಕಟ್ಟಿದರು. ಸದ್ದು ಮೂಗಿನಿಂದ ಬಂತು. ಪೆಪ್ಪರಮಿಂಟು ಕೊಟ್ಟರು; ಮೂರನೇ ಗೇರಿನಲ್ಲಿ ಅದು ಗಂಟಲಿಗೆ ಹೋಗಿ ಬೆನ್ನಿಗೆ ಗುದ್ದಬೇಕಾಯಿತು. ಕೊನೆಗೆ ಹೊಳೆದದ್ದು ನೀರು. ಬಾಯಿ ತುಂಬ ನೀರು ತುಂಬಿಸಿಕೊಂಡರೆ ಸದ್ದಿಗೆ ಜಾಗವೇ ಇರುವುದಿಲ್ಲ. ಮೊದಲ ಸುತ್ತಿಗೆ ಎರಡನೇ ಗೇರು ಒಳಗಿನ ಗಾಜಿನ ಮೇಲೆ ಕಾರಂಜಿಯಾಯಿತು. ಎಂಟನೇ ಸುತ್ತಿಗೆ ಮೇಷ್ಟ್ರು ಕಣ್ಣು ಕೆಂಪಗೆ, ಕೆನ್ನೆ ಉಬ್ಬಿಸಿಕೊಂಡು, ನಾಲ್ಕೇ ಕುಕ್ಕರಿಕೆಯಲ್ಲಿ ಮೈದಾನ ದಾಟಿದರು.

"ನಾಕು ಕುಕ್ಕರಿಕೆಗೆ ಫೇಲ್ ಮಾಡಲ್ಲ ಬಿಡಿ" ಎಂದರು ಹೆಂಡತಿ. ಆದರೆ ಆಕೆಯ ದೃಷ್ಟಿ ದೂರದಲ್ಲಿ ಕಾಣುತ್ತಿದ್ದ ಶಾಲೆಯ ಬೋರ್ಡಿನ ಮೇಲಿತ್ತು.

ಪರೀಕ್ಷೆಯ ಬೆಳಗ್ಗೆ. ಮೈದಾನದ ಬೇಲಿಯಾಚೆ ನಮ್ಮ ರಸ್ತೆಯೇ ನೆರೆದಿತ್ತು. ಇನ್ಸ್‌ಪೆಕ್ಟರು ಇಲಾಖೆಯಲ್ಲಿ ಎಲ್ಲರೂ ಹೆದರುವ ಮನುಷ್ಯ. ಹೆದರಿಕೆಗೆ ಕಾರಣ ಅವರ ಪ್ರಾಮಾಣಿಕತೆ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಮಾತ್ರ ಬರೆಯುತ್ತಾರೆ. ಅದಕ್ಕಾಗಿ ಇಲಾಖೆ ಅವರಿಗೊಂದು ಟ್ಯಾಬ್ಲೆಟ್ ಕೊಟ್ಟಿತ್ತು.

ಮೇಷ್ಟ್ರಿಗಿಂತ ಮೊದಲು ಮೂವರು ಯುವ ಬೋಧಕರು. ಮೂವರೂ ವಿದ್ಯುತ್ ಕಾರುಗಳಲ್ಲಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿಸಿದರು. ಏರಿನಲ್ಲಿ ನಿಲ್ಲಿಸಿ ಹೊರಟರು, ಹಿಮ್ಮುಖವಾಗಿ ಎಂಟರ ಆಕಾರ ಬರೆದರು. ಮೂವರೂ ಇಳಿಯುವಾಗ ಮುಖ ಸುಟ್ಟ ಬದನೆಕಾಯಿ.

"ಏನಾಯ್ತ್ರಪ್ಪಾ?" ಎಂದು ಮೇಷ್ಟ್ರ ಹೆಂಡತಿ ಕೇಳಿದರು.

"ಫೇಲು ಅಕ್ಕ!" ಎಂದ ಮೂರನೆಯವನು. "ಯಾಕೆ ಅಂತ ಅವರ್ನೇ ಕೇಳಿ. ನಂಗೆ ಹೇಳೋಕೂ ನಾಚಿಕೆ."

ಕೇಳಲು ಸಮಯವಿರಲಿಲ್ಲ. ಮೇಷ್ಟ್ರ ಸರದಿ ಬಂದಿತ್ತು. ಅವರು ಲೋಟದ ನೀರನ್ನು ಬಾಯಿಗೆ ಸುರಿದುಕೊಂಡು, ಕೆನ್ನೆ ಉಬ್ಬಿಸಿ, ಒಳಗೆ ಕೂತರು. ಪಕ್ಕದಲ್ಲಿ ಇನ್ಸ್‌ಪೆಕ್ಟರು. ಹಿಂದೆ ಎಂಜಿನಿಯರಮ್ಮ, ಕಿವಿ ನಿಮಿರಿಸಿಕೊಂಡು. ಬೇಲಿಯಾಚೆ ಲಾರಿ ಕಾದು ನಿಂತಿತ್ತು.

"ಎಷ್ಟು ವರ್ಷದ ಅನುಭವ?" ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ಮೂರು ಬೆರಳು ತೋರಿಸಿ, ಸೊನ್ನೆ ಸುತ್ತಿ, ಮತ್ತೆ ಒಂದು ಬೆರಳು ತೋರಿಸಿದರು.

"ಮೂಕರಾ?"

ಮೇಷ್ಟ್ರು ಅತ್ತಿತ್ತ ತಲೆಯಾಡಿಸಿದರು.

"ಮೌನವ್ರತ ಅನ್ಸುತ್ತೆ. ಒಳ್ಳೇದು. ನಂಗೂ ಮಾತು ಬೇಡ. ಆಗಿನಿಂದ ಮೂರು ಜನಕ್ಕೆ ಹೇಳಿ ಹೇಳಿ ಗಂಟಲು ಒಣಗಿದೆ." ಇನ್ಸ್‌ಪೆಕ್ಟರು ಟ್ಯಾಬ್ಲೆಟನ್ನು ತೊಡೆಗೆ ಬಡಿದರು. "ನೋಡಿ ಸ್ವಾಮಿ, ಕಾರು ಹೊಸದು ಕಳಿಸಿದ್ರು, ಫಾರಂ ಹಳೇದೇ ಕಳಿಸಿದ್ರು. ಕಾಲಂ ಆರು: 'ಹೊಗೆ ಮಿತಿಮೀರಿ ಬರುತ್ತಿದೆಯೇ?' ಇಲ್ಲ ಅಂತ ಹಾಕ್ದೆ, ಸಂತೋಷವಾಗಿ ತಗೊಳ್ತು. ಕಾಲಂ ಏಳು: 'ಒಂದರಿಂದ ನಾಲ್ಕರವರೆಗೆ ಗೇರ್ ಬದಲಾವಣೆಯ ಸದ್ದು ಪರೀಕ್ಷಕರಿಗೆ ಕೇಳಿಸಿತೇ?' ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ಇಲ್ಲ ಅಂದ್ರೆ ಫೇಲು. ಗೇರಿಲ್ಲ ಅಂತ ನಂಗೆ ಗೊತ್ತು, ನಿಮ್ಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ!"

"ಸರ್, ಸುಮ್ನೆ ಹೌದು ಅಂತ ಒತ್ತಿಬಿಡಿ" ಎಂದಳು ಹಿಂದಿನಿಂದ ಎಂಜಿನಿಯರಮ್ಮ.

"ಕೇಳಿಸ್ದೇ ಇರೋದನ್ನ ಕೇಳಿಸ್ತು ಅಂತ ಬರೆಯೋದಾ? ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಬರ್ದಿಲ್ಲಮ್ಮ! ನಡೀರಿ ಸ್ವಾಮಿ, ಫೇಲಾಗೋ ಪರೀಕ್ಷೆ ಬೇಗ ಮುಗಿಸೋಣ."

ಸದ್ದು ಮಾಡಿದರೆ ಕಾರು ಹೋಗುತ್ತದೆ. ಮಾಡದಿದ್ದರೆ ಶಾಲೆ ಹೋಗುತ್ತದೆ. ಯೋಚಿಸಿ ನಿರ್ಧರಿಸೋಣವೆಂದರೆ ಬಾಯಿಯಲ್ಲಿ ನೀರಿತ್ತು. ಮೇಷ್ಟ್ರಿಗೆ ಬಾಯಿ ಬಿಡದೆ ಯೋಚಿಸುವುದೂ ಅಭ್ಯಾಸವಿರಲಿಲ್ಲ.

ಕಾರು ಹೊರಟಿತು. ಒಂದು ಕುಕ್ಕರಿಕೆ. ಎರಡು. ಮುಂದೆ ಏರು. ಏರಿನ ನಡುವೆ ನಿಲ್ಲಿಸಿ ಹೊರಡಬೇಕು. ನಿಲ್ಲಿಸಿದರು. ಕಾಲು ತೆಗೆದರೆ ಹಿಂದಕ್ಕೆ ಜಾರೀತೆಂಬ ಭಯಕ್ಕೆ ಎಡಗಾಲು ಬ್ರೇಕಿನ ಮೇಲೆ ಕಲ್ಲಾಯಿತು. ಬಲಗಾಲು ಅಪ್ಪಣೆ ಕಾಯುತ್ತಿತ್ತು. ಬೇಲಿಯಾಚೆ ಹೆಂಡತಿ ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತಿದ್ದರು. ಅರ್ಧ ನಿಮಿಷ. ಒಂದು ನಿಮಿಷ.

"ಆಗಲ್ವಾ ಸ್ವಾಮಿ? ಹಂಗೇ ಬರ್ಕೊಳ್ಳಾ?"

ಗುಳಕ್! ಮೇಷ್ಟ್ರು ನೀರನ್ನು ನುಂಗಿದರು.

"ಗುರ್‌ರ್‌ರ್‌ರ್..."

ಇನ್ಸ್‌ಪೆಕ್ಟರ ಕೈ ಗಾಳಿಯಲ್ಲಿ ನಿಂತಿತು. ಕಾರು ಗಾಂಭೀರ್ಯದಿಂದ ಏರು ಹತ್ತಿತು.

"ಸರ್, ಅದೇ ಸದ್ದು! ಗಾಡಿ ನಿಲ್ಸಿ, ನಿಲ್ಸಿ!" ಎಂದು ಎಂಜಿನಿಯರಮ್ಮ ಕಿರುಚಿದಳು.

"ಶ್‌ಶ್! ಸುಮ್ನಿರಮ್ಮ!" ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಕೈಯೆತ್ತಿದರು. "ಎರಡನೇದು ಬರ್ಲಿ."

"ಟಕ್! ವ್ರೂಂಂಂ..."

"ಆಹಾ. ಮೂರು?"

"ಟಕ್! ಊಂಂಂ..."

"ಸರ್, ಇದು ಸೇಫಲ್ಲ, ಮೋಟಾರೇ ಒಡೆದುಹೋಗ್ಬಹುದು..."

"ಒಡೆದ್ರೆ ನಾಕನೇದಾದ್ಮೇಲೆ ಒಡೀಲಿ!"

"ಟಕ್! ಝೂಂಂಂಂ..."

ಕಾರು ಮೈದಾನದ ಆ ತುದಿ ಮುಟ್ಟಿ, ಇಳಿಜಾರಿನಲ್ಲಿ ತಾನೇ ತಾನಾಗಿ ಕರೆಂಟು ಸಂಪಾದಿಸಿಕೊಂಡು, ಗೆರೆಯ ಮೇಲೆ ಬಂದು ನಿಂತಿತು. ಎಂಜಿನಿಯರಮ್ಮ ಧಡಕ್ಕನೆ ಇಳಿದು ಲಾರಿಗೆ ಕೈ ಬೀಸಿದಳು. ಲಾರಿ ಹೊಗೆ ಕಾರುತ್ತ ಕಾರಿನ ಕಡೆಗೆ ಹೊರಟಿತು.

ಮೇಷ್ಟ್ರು ಬೋರ್ಡನ್ನು ನೋಡಿದರು, ಲಾರಿಯನ್ನು ನೋಡಿದರು, ಬೇಲಿ ದಾಟಿ ಓಡಿಬರುತ್ತಿದ್ದ ಹೆಂಡತಿಯನ್ನು ನೋಡಿದರು.

"ನಿಲ್ಲಮ್ಮಾ!" ಎಂದರು. "ಕಾರಿಗೆ ಏನೂ ಆಗಿಲ್ಲ. ಆ ಸದ್ದು ನಂದು."

"ಅಂದ್ರೆ?"

"ನನ್ನ ಬಾಯಿದು. ಕರೆಂಟಿನ ಗಾಡಿ ನಂಗೆ ಬರಲ್ಲ. ಟ್ರೈನಿಂಗ್ ತಗೊಂಡೆ ಅಂತ ಸುಳ್ಳು ಸಹಿ ಹಾಕ್ದೆ. ಬಾಯಲ್ಲಿ ಗೇರ್ ಹಾಕ್ದೇ ಇದ್ರೆ ಕಾಲು ಓಡಲ್ಲ." ಎಲ್ಲರೆದುರು, ಗ್ಯಾರೇಜಿನವನೆದುರು, ಮೆಡಿಕಲ್ ಸ್ಟೋರಿನಾಕೆಯೆದುರು, ಮೇಷ್ಟ್ರು ನಾಲ್ಕೂ ಗೇರುಗಳನ್ನು ಇನ್ನೊಮ್ಮೆ ಹಾಕಿ ತೋರಿಸಿದರು. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿ ಕೈಮುಗಿದರು. "ಸಾರ್, ಬರ್ಕೊಳ್ಳಿ. ಫೇಲು."

ಗ್ಯಾರೇಜಿನವನಿಗೆ ದುಃಖ ಉಕ್ಕಿ ಬಂತು. ಊರಲ್ಲಿ ಉಳಿದಿದ್ದ ಕೊನೆಯ ಗೇರ್‌ಬಾಕ್ಸೂ ಹೋಗಿತ್ತು.

ಇನ್ಸ್‌ಪೆಕ್ಟರು ಟ್ಯಾಬ್ಲೆಟನ್ನು ಕಣ್ಣಿನ ಹತ್ತಿರ ತಂದು ಕಾಲಂ ಏಳನ್ನು ಅಕ್ಷರ ಅಕ್ಷರವಾಗಿ ಓದಿದರು. "ಸದ್ದು... ಪರೀಕ್ಷಕರಿಗೆ... ಕೇಳಿಸಿತೇ." ತಲೆಯೆತ್ತಿದರು. "ಪರೀಕ್ಷಕ ನಾನು. ಕೇಳಿಸ್ತು. ಎಲ್ಲಿಂದ ಬಂತು ಅಂತ ಕಾಲಂ ಇಲ್ಲ."

"ಸಾರ್?"

"ಗಾಡಿ ಏರು ಹತ್ತಿದ್ದು ಕಣ್ಣಾರೆ ಕಂಡೆ. ಗೇರು ಕಿವಿಯಾರೆ ಕೇಳ್ದೆ. ಇನ್ನೇನ್ರಿ ಬೇಕು?" ಅವರು ಬೆರಳೊತ್ತಿದರು. ಟ್ಯಾಬ್ಲೆಟ್ ಸಂತೋಷದಿಂದ ಕುಣಿದು ಹಸಿರಾಯಿತು. "ಪಾಸು. ಕಂಪ್ಯೂಟರೇ ಒಪ್ಪಿದೆ. ನಾನ್ಯಾರು?"

ಅಂದು ಆ ಮೈದಾನದಲ್ಲಿ ನಾಲ್ವರು ಪರೀಕ್ಷೆ ಕೊಟ್ಟರು. ಕಾರು ಓಡಿಸಲು ಬರುತ್ತಿದ್ದ ಮೂವರು ಫೇಲಾದರು. ಹೊಸ ಫಾರಂ ಕಳಿಸಿ ಎಂದು ಇನ್ಸ್‌ಪೆಕ್ಟರು ಇಲಾಖೆಗೆ ಬರೆದರು. ಪತ್ರವನ್ನು ಹಳೇ ಫಾರಮ್ಮಿನಲ್ಲಿ ಬರೆದು ಕಳಿಸಬೇಕೆಂದು ಇಲಾಖೆ ಉತ್ತರಿಸಿತು. ಹೀಗಾಗಿ ಮರುವಾರದಿಂದ ಆ ಮೂವರು ಯುವಕರೂ ಮೇಷ್ಟ್ರ ಮುಂದೆ ಮರದ ಕುರ್ಚಿಯಲ್ಲಿ ಕೂತರು. ಬೆಳಗ್ಗೆ ಅವರು ಮೇಷ್ಟ್ರಿಗೆ ಕಾಲು ಕಲಿಸುತ್ತಾರೆ. ಸಂಜೆ ಮೇಷ್ಟ್ರು ಅವರಿಗೆ ಬಾಯಿ ಕಲಿಸುತ್ತಾರೆ. ಎಂಜಿನಿಯರಮ್ಮ ಬಂದು ತನ್ನ ಒಂದು ಗಂಟೆಯ ಟ್ರೈನಿಂಗನ್ನು ಎರಡು ಗಂಟೆ ಕೊಟ್ಟು ಹೋದಳು. ಮೇಷ್ಟ್ರು ಈ ಸಲ ಓದಿ ಸಹಿ ಹಾಕಿದರು.

ಈಗ ಮೇಷ್ಟ್ರ ಎಡಗಾಲು ಬಹುಮಟ್ಟಿಗೆ ಸುಧಾರಿಸಿದೆ. ಶಾಲೆಯಲ್ಲಿ ಎಲ್ಲ ವಿದ್ಯುತ್ ಪಾಠಗಳನ್ನೂ ನಿಜವಾಗಿ ಹೇಳಿಕೊಡುವುದು ಅವರ ಹೆಂಡತಿ. ಆಕೆ ಸದ್ದಿಲ್ಲದೆ, ಕುಕ್ಕರಿಕೆಯಿಲ್ಲದೆ, ಏರಿನಲ್ಲಿ ಒಂದು ಅಂಗುಲವೂ ಜಾರದೆ ಓಡಿಸುತ್ತಾರೆ. ಹೇಗೂ ಕಲಿಸುತ್ತಿದ್ದೇನೆ, ನನ್ನ ಹೆಸರಿಗೂ ಒಂದು ಪರವಾನಗಿ ಇರಲಿ ಎಂದು ಹೋದ ವಾರ ಆಕೆಯೂ ಪರೀಕ್ಷೆಗೆ ಹೋದರು.

ಹತ್ತೇ ನಿಮಿಷದಲ್ಲಿ ವಾಪಸು ಬಂದರು. ಚೀಲ ಮೇಜಿನ ಮೇಲೆ ಕುಕ್ಕಿದರು. ಮೇಷ್ಟ್ರು ಎದ್ದು, ಎರಡು ಕುರ್ಚಿ ಎಳೆದು ಹಾಕಿ, ಸ್ಟೀಲಿನ ತಟ್ಟೆಯನ್ನು ಒರೆಸಿ, ಹೆಂಡತಿಯ ಕೈಗೆ ಕೊಟ್ಟರು.

"ನಗ್ಬೇಡಿ" ಎಂದರು ಆಕೆ.

"ಎಲ್ಲಿ ನಕ್ಕೆ? ಹೊಟ್ಟೆಯಿಂದ ಬರ್ಬೇಕು, ಗಂಟಲಿಂದ ಅಲ್ಲ. ಎಲ್ಲಿ, ಒಂದನೇದು ಹಾಕು ನೋಡೋಣ."

ಆಕೆ ಬಾಗಿಲು ಹಾಕಿದೆಯೇ ಎಂದು ನೋಡಿದರು. ತಟ್ಟೆ ಹಿಡಿದರು. ಕಣ್ಣು ಮುಚ್ಚಿದರು.

"ಗುರ್..."

"ಇದೇನೇ ಇದು, ಮಿಕ್ಸಿ! ಅಳ್ಬೇಕು ಕಣೇ, ಅಳ್ಬೇಕು."

"ನಿಮ್ಮನ್ನ ಕಟ್ಕೊಂಡು ಮೂವತ್ತು ವರ್ಷ ಆಯ್ತು," ಎಂದರು ಆಕೆ. "ಅದನ್ನ ಹೇಳ್ಕೊಡ್ಬೇಕಾಗಿಲ್ಲ." ಎಂದವರೇ ಉಸಿರೆಳೆದು ಹಾಕಿದ ಒಂದನೇ ಗೇರಿಗೆ ಕಿಟಕಿಯ ಗಾಜು ಅದುರಿತು, ಕುರ್ಚಿ ಅದುರಿತು, ಮತ್ತು ಮೇಷ್ಟ್ರ ಎಡಗಾಲು, ಎಷ್ಟು ತಡೆದರೂ ಕೇಳದೆ, ನೆಲದ ಮೇಲೆ ಜೋರಾಗಿ ಕ್ಲಚ್ ಒತ್ತಿತು.